ಐದು ನಾಯಿಗೆ ಹೆಸರಿಟ್ಟೆ, ಒಂದೇ ನಿಂತಿತು

ಇಲ್ಲಿತನಕ ಐದು ನಾಯಿಗೆ ಹೆಸರಿಟ್ಟಿದ್ದೇನೆ. ನಾನಿಟ್ಟ ಹೆಸರು ಕೊನೆತನಕ ಉಳಿದಿದ್ದು ಒಂದಕ್ಕೆ ಮಾತ್ರ. ಮಿಕ್ಕವಕ್ಕೆ ನಾನೊಂದು ಹೆಸರಿಟ್ಟೆ, ಮನೆಯವರು ಇನ್ನೊಂದು ಕರೆದರು, ನಾಯಿ ಮನೆಯವರ ಮಾತನ್ನೇ ಕೇಳಿತು. ರೊಟ್ಟಿ ಹಾಕೋರು ಅವರು, ಅಲ್ವಾ.

ನಮ್ಮದು ಸಿಂಧನೂರು ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ಭತ್ತದ ಸೀಮೆ. ಮನೆ ಊರ ಕೊನೆಗಿದೆ, ಹಿಂದಿನ ಬಾಗಿಲು ತೆಗೆದರೆ ಗದ್ದೆ. ಹಾಗಾಗಿ ನಾಯಿ ಇಲ್ಲದೆ ನಮ್ಮ ಮನೆ ಇದ್ದದ್ದೇ ಇಲ್ಲ. ಅಜ್ಜನ ಕಾಲದ ನಾಯಿಗಳೆಲ್ಲ ಮೋತಿ. ಒಂದು ಸತ್ತರೆ ಮುಂದಿನದೂ ಮೋತಿ. ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, ಕಚೇರಿ ಕಾಗದ ಉರ್ದುವಿನಲ್ಲಿ, ಆ ಗಾಳಿಗೆ ನಾಯಿಗಳೂ ಮೋತಿ, ಶೇರು, ಕಾಲೂ ಆದವು. ಅವ್ವನ ತವರು ಬಳ್ಳಾರಿ. ಅದು ಆಗ ಮದರಾಸು ಪ್ರಾಂತ್ಯ, ಬ್ರಿಟಿಷರ ದಂಡು ಇದ್ದ ಊರು. ಅವ್ವ ಹೇಳೋ ಪ್ರಕಾರ ಅವರ ಓಣಿಯಲ್ಲಿ ಮನೆಗೊಂದು ಟಾಮಿ. ಟಾಮಿ ಅಂದರೆ ಬ್ರಿಟಿಷ್ ಸಿಪಾಯಿಗಳ ಅಡ್ಡಹೆಸರು. ದಂಡಿನವರ ಮೇಲಿನ ಸಿಟ್ಟಿಗೇ ಯಾರೋ ಅದನ್ನ ನಾಯಿಗೆ ಇಟ್ಟಿರಬೇಕು ಅಂತ ನನ್ನ ಗುಮಾನಿ.

ನಾನೇ ಹೆಸರಿಟ್ಟ ಮೊದಲ ನಾಯಿ ಒಂದು ಕೆಂದು ಬಣ್ಣದ ಊರನಾಯಿ. ಕಾಲೇಜಿನ ದಿನಗಳು, ಜಾಸ್ತಿ ಯೋಚನೆ ಮಾಡಲಿಲ್ಲ, ರಾಜಾ ಅಂದೆ. ಒಂದು ವಾರ ಆಗಿತ್ತು. ಮುಸ್ಸಂಜೆ ಹೊತ್ತಲ್ಲಿ ಅದು ನನ್ನ ಹೊಸ ಚಪ್ಪಲಿ ಕಚ್ಚಿಕೊಂಡು ಓಡಿತು. ನಾನು ಬಾಗಿಲಲ್ಲಿ ನಿಂತು, "ಲೇ ರಾಜಾ, ಬಾರಲೇ ಇಲ್ಲಿ, ಇವತ್ತ ನಿನ್ನ ಹಲ್ಲ ಮುರೀತೀನಿ" ಅಂತ ಕೂಗಿದೆ. ಎದುರು ಮನೆಯಿಂದ ಒಬ್ಬರು ಹೊರಗೆ ಬಂದರು. ಅಪ್ಪನಿಗಿಂತ ಹಿರಿಯರು. ಅವರ ಹೆಸರೂ ಅದೇ, ಆದರೆ ಊರೆಲ್ಲ ಅವರನ್ನ ಸಾವಕಾರ್ರ ಅನ್ನೋದರಿಂದ ನನಗೆ ಹೊಳೆದೇ ಇರಲಿಲ್ಲ. ಅವರು ಬೈಯಲಿಲ್ಲ. "ಏನಪಾ, ಕರದ್ಯಾ?" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಅಪ್ಪ ಆ ನಾಯಿಯನ್ನ ಕೆಂದ್ಯಾ ಮಾಡಿಬಿಟ್ಟಿದ್ದರು.

ಕೆಂದ್ಯಾ ಒಳ್ಳೆ ಹೆಸರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಗಂಗಾವತಿ ಕಡೆ ಕುರಿ ಹಿಂಡಿನವರ ಜೊತೆ ಒಂದು ರಾತ್ರಿ ಗದ್ದೆಯಲ್ಲಿ ಕಳೆದಾಗ. ಆ ಕಡೆ ಇನ್ನೂ ತೋಳ ಇವೆ, ಬಂಕಾಪುರದಲ್ಲಿ ಅವಕ್ಕೇ ಅಂತ ಒಂದು ಅಭಯಾರಣ್ಯವೂ ಆಗಿದೆ. ಅವರ ಮೂರು ನಾಯಿಗಳ ಹೆಸರು ಕರಿಯಾ, ಕೆಂಚಾ, ಬಿಳಿಯಾ. ಇಷ್ಟೇನಾ, ಬಣ್ಣ ನೋಡಿ ಹೆಸರಿಟ್ಟರೆ ಆಯ್ತಾ ಅಂತ ನಕ್ಕೆ. ಕುರಿ ಕಾಯುವ ಅಜ್ಜ ನಗಲಿಲ್ಲ. "ತ್ವಾಳ ಬಂದಾಗ ಕೂಗಿ ನೋಡ್ರಿ" ಅಂದ. ಆಮೇಲೆ ಸುಮ್ನೆ ತೋರಿಸೋಕೆ ಅಂತ ಒಮ್ಮೆ ಕೂಗಿದ. ಕರಿಯಾ ಅನ್ನೋದರ ಆ ಕೊನೆಯ "ಆ" ಇದೆಯಲ್ಲ, ಅದನ್ನ ಉಸಿರು ಇರೋತನಕ ಎಳೆದ, ಕತ್ತಲೆಯಲ್ಲಿ ಎಲ್ಲೋ ದೂರ ಇದ್ದ ನಾಯಿ ಎರಡು ನಿಮಿಷದಲ್ಲಿ ಅವನ ಕಾಲ ಹತ್ತಿರ ಬಂದು ನಿಂತಿತ್ತು. ಟೈಗರ್ ಅಂತ ಹಾಗೆ ಎಳೆದು ನೋಡಿ. ಕೊನೆಗೆ ಬರೋದು ಬರೀ ಗುರ್ರ್.

ಅವತ್ತಿನಿಂದ ನಂದೊಂದು ಪರೀಕ್ಷೆ ಇದೆ. ಹೆಸರು ಹೊಳೆದ ಕೂಡಲೇ ಹಿಂದಿನ ಬಾಗಿಲಿಗೆ ಹೋಗಿ, ಬೋರಿನ ಮೋಟರ್ ಓಡುತ್ತಿರುವಾಗ, ಗದ್ದೆ ಕಡೆ ಮುಖ ಮಾಡಿ ಮೂರು ಸಲ ಕೂಗುತ್ತೇನೆ. ಗಂಟಲು ಹಿಡಿದರೆ ಆ ಹೆಸರು ಬೇಡ. ಕೂಗೋಕೆ ನನಗೇ ನಾಚಿಕೆ ಆದರೂ ಬೇಡ. ಎರಡನೆಯದು ಸಣ್ಣ ಮಾತಲ್ಲ. ಗೆಳೆಯನೊಬ್ಬ ತನ್ನ ಮರಿಗೆ ಸ್ವೀಟಿ ಅಂತ ಇಟ್ಟು, ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಸ್ವೀಟೀ ಸ್ವೀಟೀ ಅಂತ ತಿರುಗಿ ಹೆಸರು ಕೆಡಿಸಿಕೊಂಡ.

ಎರಡನೇ ನಾಯಿ ಬ್ರೂನೋ. ಅದರ ಕಥೆ ಚಿಕ್ಕದು. ಅವ್ವನ ಬಾಯಲ್ಲಿ ಮೊದಲ ದಿನ ಬುರುನಾ, ಒಂದು ತಿಂಗಳಿಗೆ ಬುರ್ರ್ಯಾ. ಕೊನೆತನಕ ಬುರ್ರ್ಯಾ.

ಮೂರನೆಯದು ಸೋನಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2014ರಲ್ಲಿ ಬಂದ ಹೆಣ್ಣುಮರಿ, ಮೈಯೆಲ್ಲ ಹಣ್ಣಾದ ಭತ್ತದ ಬಣ್ಣ. ಸುತ್ತ ನೋಡಿದರೆ ಸೋನಾ ಮಸೂರಿ ಗದ್ದೆ. ಇನ್ನೇನು ಯೋಚಿಸೋದು, ಸೋನಾ. ಎರಡೇ ಅಕ್ಷರ, ಕೊನೆಗೆ ಎಳೆಯೋಕೆ "ಆ" ಇದೆ, ಅವ್ವನ ಬಾಯಲ್ಲಿ ಕೆಡೋದಿಲ್ಲ, ಎದುರು ಮನೆಯಲ್ಲಿ ಆ ಹೆಸರಿನವರು ಇಲ್ಲ. ಹಿಂದಿನ ಬಾಗಿಲ ಪರೀಕ್ಷೆಯಲ್ಲೂ ಪಾಸು. ಈ ಸಲ ಗೆದ್ದೆ ಅಂದುಕೊಂಡೆ.

ಒಂದು ಮರೆತಿದ್ದೆ. ನಮ್ಮೂರಲ್ಲಿ ಕೊಯ್ಲಿನ ಹೊತ್ತಿಗೆ ಬೆಳಗಿನಿಂದ ಸಂಜೆತನಕ ಎಲ್ಲರ ಬಾಯಲ್ಲೂ ಸೋನಾನೇ. ಸೋನಾ ಎಷ್ಟು, ಸೋನಾ ಏರಿತಾ, ಸೋನಾ ಒಣಗಿತಾ. ಚಹಾ ಅಂಗಡಿ ಮುಂದೆ ನಾಲ್ಕು ಜನ ರೇಟಿನ ಬಗ್ಗೆ ಮಾತಾಡುತ್ತಿದ್ದರೆ ಇದು ಹೋಗಿ ಅವರ ನಡುವೆ ಕೂತು, ಯಾರು ಹೆಸರು ತೆಗೆದರೆ ಅವರ ಮುಖ ನೋಡುತ್ತಿತ್ತು. ಬಿಸ್ಕತ್ತೂ ಸಿಗುತ್ತಿತ್ತು ಅನ್ನಿ.

ಒಂದು ದಿನ ಮಧ್ಯಾಹ್ನ ಪಕ್ಕದ ಹೊಲದ ಹುಡುಗ ಬೈಕಿನಲ್ಲಿ ಬಂದವನು ಇಳಿಯಲೂ ಇಲ್ಲ, ಗೇಟಿನ ಹತ್ತಿರದಿಂದಲೇ "ಅಣ್ಣಾ, ಸೋನಾ ಬಿತ್ತಂತ!" ಅಂತ ಕೂಗಿದ. ನಾನು ಒಳಗೆ ಊಟ ಮಾಡುತ್ತಿದ್ದೆ. ಅವ್ವ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೈಯಲ್ಲಿ ಮೊರ ಹಿಡಿದುಕೊಂಡೇ ಎದ್ದು ಓಡಿದಳು, ಅಕ್ಕಿ ದಾರಿಯುದ್ದಕ್ಕೂ ಚೆಲ್ಲಿಕೊಂಡು. "ಯವ್ವಾ, ಎಲ್ಲಿ ಬಿತ್ತೋ? ಕಾಲುವ್ಯಾಗೇನು?" ಹುಡುಗ ಗಾಬರಿಯಾದ. "ಇಲ್ರಿ ದೊಡ್ಡವ್ವ, ಮಾರ್ಕೆಟ್‌ನ್ಯಾಗ ಬಿತ್ತು." ಅವ್ವನಿಗೆ ಅದು ತಲೆಗೆ ಹೋಗಲೇ ಇಲ್ಲ. "ಮಾರ್ಕೆಟಿಗೆ ಯಾಕ ಹೋಗಿತ್ತಲೇ ಅದು?" ಅಂತ ನಿಂತಳು. ಅಷ್ಟರಲ್ಲಿ ನಾಯಿ, ತನ್ನ ಹೆಸರು ಕೇಳಿ ಬಂದಿದ್ದು, ಅವ್ವನ ಹಿಂದೇ ಬಾಲ ಅಲ್ಲಾಡಿಸುತ್ತಾ ನಿಂತಿತ್ತು, ಚೆಲ್ಲಿದ ಅಕ್ಕಿ ಮೂಸುತ್ತಾ. ಆ ವರ್ಷ ರೇಟು ಬಿದ್ದಿದ್ದಕ್ಕೆ ನಾನು ಅಳಬೇಕಿತ್ತು. ಮೂರು ದಿನ ನಕ್ಕಿದ್ದೇ ಆಯಿತು.

ಇನ್ನೊಂದು ಸಲ ದಲ್ಲಾಳಿ ಜೊತೆ ಫೋನಿನಲ್ಲಿ "ಸೋನಾ ಈಗ ಕೊಡಲ್ಲ, ರೇಟ್ ಬಂದ ಮೇಲೆ ಕೊಡ್ತೀನಿ" ಅಂದಿದ್ದೆ. ಫೋನ್ ಇಟ್ಟು ನೋಡಿದರೆ ಮಗಳು ನಾಯಿಯ ಕುತ್ತಿಗೆ ತಬ್ಬಿಕೊಂಡು ಮಂಚದ ಕೆಳಗೆ ಕೂತಿದ್ದಾಳೆ, ಕಣ್ಣಲ್ಲಿ ನೀರು. ದಿನವಿಡೀ ಬಾಯಲ್ಲಿ ಓಡಾಡೋ ಮಾತನ್ನ ನಾಯಿಗೆ ಇಡಬೇಡಿ ಅಂತ ಅದಕ್ಕೇ ಹೇಳೋದು. ಮುಂದೆ ತಮ್ಮ ಒಂದು ಮರಿಗೆ ಮಿರ್ಚಿ ಅಂತ ಇಡೋಣ ಅಂದಾಗ ನಾನೇ ಬೇಡ ಅಂದೆ. ವಗ್ಗಾಣಿ ಮಿರ್ಚಿ ಇಲ್ಲದೆ ಬೆಳಗಾಗದ ಸೀಮೆಯಲ್ಲಿ ಆ ನಾಯಿಗೆ ತಲೆ ಕೆಡುತ್ತಿತ್ತು. ಆದರೆ ನಿಂತ ಒಂದೇ ಹೆಸರು ಅಂದೆನಲ್ಲ, ಅದು ಸೋನಾ. ಹತ್ತು ವರ್ಷ ಬದುಕಿತು. ಗದ್ದೆ ಬದುವಿನಲ್ಲೇ ಮಣ್ಣು ಮಾಡಿದೆವು.

ಕೊಪ್ಪಳದ ಗೆಳೆಯನ ಕಥೆ ಇದಕ್ಕಿಂತ ಮೇಲು. ಅವನು ತನ್ನ ನಾಯಿಗೆ ಇಂದ್ರ ಅಂತ ಹೆಸರಿಟ್ಟ. ಕೇಳೋಕೆ ಗತ್ತಿನ ಹೆಸರು. ಆಮೇಲೆ ಅದಕ್ಕೆ ಕೂರೋದು ಕಲಿಸಿದ. ನಮ್ಮ ಕಡೆ ಕೂತ್ಕೋ ಅನ್ನಲ್ಲ, ಕುಂದ್ರು ಅಂತೀವಿ. ಇಂದ್ರ, ಕುಂದ್ರ. ನಾಯಿ ಕಿವಿಗೆ ಎರಡೂ ಒಂದೇ. ದೂರದಿಂದ "ಇಂದ್ರಾ" ಅಂತ ಕೂಗಿದರೆ ಅದು ಬರೋದು ಬಿಟ್ಟು, ಇದ್ದಲ್ಲೇ ಮುಕಳಿ ಊರಿ ಕೂತುಬಿಡೋದು. ಬಹಳ ವಿಧೇಯ ನಾಯಿ, ಪಾಪ. ಶೇಬಾ ಅಂತ ಇಟ್ಟವರಿಗೂ ಇದೇ ಗೋಳು, ಹೆಸರಲ್ಲೇ "ಬಾ" ಇರೋದರಿಂದ ಕರೆದರೂ ಬರುತ್ತೆ, ಬೈದರೂ ಬರುತ್ತೆ. ಬಾ, ಕುಂದ್ರು, ಬ್ಯಾಡ, ನಡಿ, ಈ ನಾಲ್ಕಕ್ಕೆ ಹೊಂದುವ ಹೆಸರು ಹತ್ತಿರ ಸುಳಿಯಬಾರದು.

ನಾಲ್ಕನೆಯದು ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಾಗಿನಿಂದ ನನಗೆ ಆಸೆ ಇತ್ತು, ಮರಿ ಸಿಕ್ಕಿದ್ದು ಬಹಳ ವರ್ಷದ ಮೇಲೆ, ಬಾಗಲಕೋಟೆ ಕಡೆಯಿಂದ. ಸಣ್ಣ ನಡು, ಉದ್ದ ಕಾಲು. ಓಣಿಯವರೆಲ್ಲ "ಯಾಕ್ರಿ, ನಾಯಿಗೆ ರೊಟ್ಟಿ ಹಾಕಂಗಿಲ್ಲೇನ್ರಿ?" ಅಂತ ಕೇಳಿ ಕೇಳಿ ಸಾಕು ಮಾಡಿದರು. ಇದಕ್ಕೆ ಸುಮ್ನೆ ಯಾವುದೋ ಹೆಸರು ಬೇಡ ಅನ್ನಿಸಿತು. ಶಾಸನ ಓದೋ ಮೇಷ್ಟ್ರು ಒಬ್ಬರು ಆತಕೂರು ಕಲ್ಲಿನ ಕಥೆ ಹೇಳಿದ್ದರು. ಮಂಡ್ಯ ಜಿಲ್ಲೆಯ ಆತಕೂರಲ್ಲಿ ಸಿಕ್ಕ, ಸುಮಾರು 950ರ ಕಲ್ಲು. ಗಂಗರ ದೊರೆ ಬೂತುಗನ ಬಂಟ ಮಣಲೇರ ಅಂತ ಒಬ್ಬ. ಯುದ್ಧದಲ್ಲಿ ಅವನ ಶೌರ್ಯ ಮೆಚ್ಚಿ ದೊರೆ ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ದೊರೆಯ ಬೇಟೆನಾಯಿಯನ್ನ. ಅದರ ಹೆಸರು ಕಾಳಿ. ಅದು ಒಂದು ದೊಡ್ಡ ಹಂದಿ ಜೊತೆ ಕಾದಾಡಿ, ಹಂದಿನೂ ಸತ್ತು ನಾಯಿನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಇವೆ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬರೆದಿಟ್ಟ ನಾಯಿ ಹೆಸರು! ನಾನು ಕುಣಿದಾಡಿಬಿಟ್ಟೆ. ಕಾಳಿ ಅಂತ ಇಟ್ಟೆ.

ಅವ್ವ ಒಪ್ಪಲಿಲ್ಲ. ಕಲ್ಲು, ಬೂತುಗ, ಮಣಲೇರ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ದೇವಿ ಹೆಸರು ಐತಿ. ನಾಳೆ ಅದು ಹಾಲಿನ ಪಾತ್ರಿಗೆ ಬಾಯಿ ಹಾಕಿದ್ರ ನಾ ಹೆಂಗ ಬೈಲಿ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಸರು ಕರೆಯೋಕೆ ಮಾತ್ರ ಅಲ್ಲ, ಬೈಯೋಕೂ ಬೇಕು. ತರಬೇತಿ ಕೊಡೋರು ಹೆಸರು ಹಿಡಿದು ಬೈಯಬೇಡಿ, ಹೆಸರು ಕೇಳಿದರೆ ಒಳ್ಳೆಯದೇ ಆಗುತ್ತೆ ಅಂತ ನಾಯಿಗೆ ಅನ್ನಿಸಬೇಕು ಅಂತಾರೆ. ಸರಿಯಾದ ಮಾತೇ. ಆದರೆ ನಮ್ಮ ಅಡುಗೆಮನೆಯಲ್ಲಿ ಅದು ನಡೆಯಲ್ಲ. ಕಾಳಿ ಎರಡೇ ದಿನದಲ್ಲಿ ಕಡ್ಡಿ ಆಯಿತು. ಆ ಮೈಕಟ್ಟಿಗೆ ಒಪ್ಪುವ ಹೆಸರೇ, ಸುಳ್ಳು ಯಾಕೆ ಹೇಳಲಿ.

ಈಗ ಇರೋದು ಐದನೆಯದು. ಮೇ ತಿಂಗಳು, ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ನೀರಿನ ಡ್ರಮ್ಮಿನ ನೆರಳಲ್ಲಿ ಕೂತಿತ್ತು, ಅಂಗೈ ಅಗಲದ ಕುನ್ನಿ. ಅವ್ವ ಅದನ್ನ ಹಳೇ ರೊಟ್ಟಿ ಬುಟ್ಟಿಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದಳು. ಈ ಸಲ ನಾನು ಅವಸರ ಮಾಡಲಿಲ್ಲ. ರೇಬಿಸ್ ಚುಚ್ಚುಮದ್ದು ಮೂರು ತಿಂಗಳಿಗೆ, ಕಾರ್ಡಿನಲ್ಲಿ ಹೆಸರು ಬರೆಸಬೇಕಾಗೋದು ಆಗ, ಅಲ್ಲಿತನಕ ಟೈಮ್ ಇದೆ ಅಂದುಕೊಂಡು ಅದರ ಗುಣ ನೋಡುತ್ತಾ ಇದ್ದೆ. ರಷ್ಯಾದವರು 1957ರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಲೈಕಾಳ ಹೆಸರಿನ ಅರ್ಥ ಬೊಗಳೋಳು ಅಂತ. ಅದಕ್ಕಿಂತ ಮುಂಚೆ ಅದಕ್ಕೆ ಗುಂಗುರು ಕೂದಲಿನವಳು ಅನ್ನೋ ಅರ್ಥದ ಹೆಸರಿತ್ತಂತೆ. ಅವರೂ ನಮ್ಮ ಕುರಿ ಕಾಯುವ ಅಜ್ಜನ ಹಾಗೇ, ನೋಡಿ ಇಟ್ಟವರು.

ನಾನು ನೋಡುತ್ತಾ ಇದ್ದೆ. ಅಷ್ಟರಲ್ಲಿ ಅವ್ವ ಮುಗಿಸಿದ್ದಳು. "ಬುಟ್ಟ್ಯಾಗಿಂದಕ್ಕ ಹಾಲ ಹಾಕು" ಅಂತ ಶುರುವಾಗಿದ್ದು ವಾರದಲ್ಲಿ ಬರೀ ಬುಟ್ಟಿ. ನಾನು ತಕರಾರು ತೆಗೆದೆ. ಸೋನಾ ಕಥೆ ಮರೆತೆಯಾ, ದಿನಕ್ಕೆ ಹತ್ತು ಸಲ ಬುಟ್ಟಿ ತಾ ಅಂತೀಯ, ಅದು ಹತ್ತು ಸಲ ಓಡಿ ಬರುತ್ತೆ ಅಂದೆ. "ಬರ್ಲಿ ಬಿಡು. ಬುಟ್ಟಿ ತಾ ಅಂದ್ರ ರೊಟ್ಟಿ ಹೊತ್ತು. ನೀನೂ ಬರ್ತೀಯಲ್ಲ?" ಅಂದಳು. ಹಿಂದಿನ ಬಾಗಿಲಿಗೆ ಹೋಗಿ ಮೋಟರ್ ಹಾಕಿ ಕೂಗಿ ನೋಡಿದೆ. ಆ ಟ್ಟ ಗಟ್ಟಿಯಾಗಿ ಹೋಗಿ ಬಡಿಯುತ್ತೆ, ಕೊನೆಯ "ಈ" ಬೇಕಾದಷ್ಟು ಎಳೆಯಬಹುದು. ಹೆಸರು ಕಲಿಸೋ ಕೆಲಸವೂ ಉಳಿಯಿತು. ಬೇರೆ ನಾಯಿಗಳಿಗೆ ನಾನು ದಿನಾ ನಾಲ್ಕೈದು ಸಲ ಹೆಸರು ಹೇಳಿ, ತಿರುಗಿ ನೋಡಿದ ಕೂಡಲೇ ಒಂದು ಚೂರು ರೊಟ್ಟಿ ಕೊಟ್ಟು ಕಲಿಸಿದ್ದೆ, ಹತ್ತು ಹದಿನೈದು ದಿನ ಹಿಡಿಯುತ್ತಿತ್ತು. ಇದು ರೊಟ್ಟಿ ವಾಸನೆಯಲ್ಲೇ ಕಲಿತು ಬಂದಿತ್ತು.

ಚುಚ್ಚುಮದ್ದಿನ ಶಿಬಿರಕ್ಕೆ ಎತ್ತಿಕೊಂಡು ಹೋದೆ. ನಲವತ್ತು ನಾಯಿ ಒಟ್ಟಿಗೆ ಬೊಗಳುತ್ತಿದ್ದವು. ಬರೆದುಕೊಳ್ಳುವವರು ಹೆಸರೇನ್ರಿ ಅಂದರು, ನಾನು ಕೂಗಿ ಹೇಳಿದೆ, ಅವರು ತಲೆ ಆಡಿಸಿ ಬರೆದರು. ಮನೆಗೆ ಬಂದು ಕಾರ್ಡು ತೆಗೆದು ನೋಡಿದರೆ ಬುಡ್ಡಿ ಅಂತಿದೆ. ಉರ್ದುವಿನಲ್ಲಿ ಮುದುಕಿ. ಮಗಳು ಆ ಕಾರ್ಡನ್ನ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ, ಮುಂದಿನ ವರ್ಷ ಹೋದಾಗ ತಿದ್ದಿಸಬೇಕು.