ಮರಳಲ್ಲಿ ಸಿಕ್ಕ ಉಂಗುರ ಚಿನ್ನವೋ ಹಿತ್ತಾಳೆಯೋ?

ಇಂಗ್ಲೆಂಡಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಬೀಚು, ಹೊಲ ಸುತ್ತುವುದು ಎಷ್ಟೋ ಜನರ ಹವ್ಯಾಸ. ಅಲ್ಲಿರುವ ನಿಮಗೂ ಆ ಹುಚ್ಚು ಹತ್ತಿದ್ದರೆ ಮೊದಲೇ ಒಂದು ಮಾತು: ಮಷೀನು ತೋರಿಸುವ ನಂಬರ್ ನೋಡಿ ಕುಣಿಯಬೇಡಿ. ತೆಳ್ಳನೆ ಚಿನ್ನದ ಉಂಗುರಕ್ಕೂ ಕೂಲ್‌ಡ್ರಿಂಕ್ ಡಬ್ಬಿಯ ಅಲ್ಯೂಮಿನಿಯಂ ಕಿವಿಗೂ ಅದು ಹೆಚ್ಚುಕಮ್ಮಿ ಒಂದೇ ನಂಬರ್ ಕೊಡುತ್ತದೆ.

ಮೊದಲು ಸಿಹಿನೀರಲ್ಲಿ ನೆನೆಹಾಕಿ. ಪೇಸ್ಟು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಳೇ ವಸ್ತುವಾಗಿದ್ದರೆ ಬೆಲೆಯೇ ಹೋಗುತ್ತದೆ. ಮಣ್ಣು ಬಿಟ್ಟ ಮೇಲೆ ಬಣ್ಣ ನೋಡಿ. ಹಸಿರು ಕಿಲುಬು ಇದ್ದರೆ ತಾಮ್ರ ಬೆರೆತಿದೆ, ಕಪ್ಪಾಗಿದ್ದರೆ ಬೆಳ್ಳಿ ಇರಬಹುದು. ಒಳ್ಳೆ ಚಿನ್ನ ಉಪ್ಪುನೀರಲ್ಲಿ ಎಷ್ಟು ದಿನ ಬಿದ್ದಿದ್ದರೂ ಹಾಗೇ ಇರುತ್ತದೆ.

ಆಮೇಲೆ ಒಳಮೈಯಲ್ಲಿ ಮುದ್ರೆ ಹುಡುಕಿ. ಫೋನ್ ಕ್ಯಾಮೆರಾ ಜೂಮ್ ಮಾಡಿದರೆ ಸಾಕು. 375 ಅಂದರೆ 9 ಕ್ಯಾರೆಟ್, 585 ಅಂದರೆ 14, 750 ಅಂದರೆ 18, ನಮ್ಮ ಕಡೆಯ 916 ಅಂದರೆ 22. 925 ಬೆಳ್ಳಿ, 950 ಸಾಮಾನ್ಯವಾಗಿ ಪ್ಲಾಟಿನಂ. ಪಕ್ಕದಲ್ಲಿ ಜಿಪಿ ಅಂತಿದ್ದರೆ ಬರೀ ಗಿಲೀಟು. ಮುದ್ರೆ ಇಲ್ಲ ಅಂತ ಎಸೆಯಲೂ ಬೇಡಿ, ಬ್ರಿಟನ್ನಿನಲ್ಲಿ 1 ಗ್ರಾಂಗಿಂತ ಕಡಿಮೆ ಚಿನ್ನಕ್ಕೆ, 7.78 ಗ್ರಾಂಗಿಂತ ಕಡಿಮೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ.

ಮ್ಯಾಗ್ನೆಟ್ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಅಂಟಿದರೆ ಒಳಗೆ ಕಬ್ಬಿಣವೋ ನಿಕಲ್‌ನಂಥದ್ದೋ ಇದೆ, ಅಷ್ಟೇ. ಅಂಟಲಿಲ್ಲ ಅಂದರೆ ಏನೂ ಗೊತ್ತಾಗಲಿಲ್ಲ ಅಂತಲೇ ಲೆಕ್ಕ, ಯಾಕಂದ್ರೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಯಾವುದೂ ಅಂಟಲ್ಲ. ಅಪ್ಪಟ ಚಿನ್ನದ ಸರದ ಕೊಂಡಿಯೂ ಒಳಗಿನ ಉಕ್ಕಿನ ಸ್ಪ್ರಿಂಗಿನಿಂದ ಅಂಟಬಹುದು.

ಮನೆಯಲ್ಲಿ ನಂಬಬಹುದಾದ ಪರೀಕ್ಷೆ ಅಂದರೆ ನೀರಿನದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ಉಂಗುರವನ್ನು ತೂಗಿ, 4.62 ಗ್ರಾಂ ಬಂತು ಅಂದುಕೊಳ್ಳಿ. ಈಗ ನೀರು ತುಂಬಿದ ಚಿಕ್ಕ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಉಂಗುರಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದುಕೊಳ್ಳಿ. 0.35 ತೋರಿಸಿತಾ? 4.62ನ್ನು 0.35ರಿಂದ ಭಾಗಿಸಿದರೆ 13.2, ಇದೇ ಅದರ ಸಾಂದ್ರತೆ. ಹಾಗಾದರೆ 14 ಕ್ಯಾರೆಟ್ ಚಿನ್ನ ಇರಬಹುದು. 22 ಕ್ಯಾರೆಟ್ ಆದರೆ 17.7ರ ಆಸುಪಾಸು, 18 ಕ್ಯಾರೆಟ್ 15ರಿಂದ 16ರೊಳಗೆ, 925 ಬೆಳ್ಳಿ 10.4, ಹಿತ್ತಾಳೆ ಎಂಟೂವರೆ, ಸ್ಟೀಲು ಎಂಟರ ಹತ್ತಿರ, ಟೈಟಾನಿಯಂ ಬರೀ 4.5. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಅದಕ್ಕೇ ಒಂದು ಹನಿ ಸೋಪು ಹಾಕಿ, ನಾಲ್ಕೈದು ಸಲ ಮಾಡಿ ನೋಡಿ. ಹರಳು ಕೂರಿಸಿದ್ದಕ್ಕೆ, ಒಳಗೆ ಟೊಳ್ಳಾಗಿ ಮುಚ್ಚಿರುವುದಕ್ಕೆ ಈ ಲೆಕ್ಕ ನಡೆಯಲ್ಲ.

ಇದರಲ್ಲೂ ಮೋಸ ಹೋಗುವ ಒಂದು ಜಾಗ ಇದೆ. ಗಂಡಸರ ದಪ್ಪ ಉಂಗುರಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡಿನವೂ ಇರುತ್ತವೆ, ಅದರ ಸಾಂದ್ರತೆಯೂ ಸುಮಾರು 15.6, ಅಂದರೆ ಸರಿಯಾಗಿ 18 ಕ್ಯಾರೆಟ್ ಚಿನ್ನದಷ್ಟೇ! ಅನುಮಾನ ಬಂದರೆ ಒಳಬದಿಯಲ್ಲಿ ಉಕ್ಕಿನ ಸೂಜಿಯಿಂದ ಮೆಲ್ಲಗೆ ಗೀರಿ. ಚಿನ್ನ ಗೀರು ಬೀಳುತ್ತದೆ, ಕಾರ್ಬೈಡ್ ಜಗ್ಗಲ್ಲ.

ನೈಟ್ರಿಕ್ ಆಸಿಡ್ಡಿನ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಅಕ್ಕಸಾಲಿಗರು ಒರೆಗಲ್ಲಿಗೆ ಹಚ್ಚಿ ನೋಡಿ ಹೇಳುತ್ತಾರೆ, ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಇರುವ ಅಂಗಡಿಯಲ್ಲಿ ಗೀರದೆಯೇ ಗೊತ್ತಾಗುತ್ತದೆ. ಆದರೆ ಆ ಯಂತ್ರ ನೋಡುವುದು ಮೇಲ್ಪದರವನ್ನಷ್ಟೇ, ದಪ್ಪ ಗಿಲೀಟಿದ್ದರೆ ಅದೂ ಏಮಾರುತ್ತದೆ. ಹೋಗುವಾಗ ನೀರಿನ ಲೆಕ್ಕವನ್ನೂ ಬರೆದುಕೊಂಡು ಹೋಗಿ.

ಚಿನ್ನವೇ ಅಂತಾದರೆ? ಒಳಗೆ ಹೆಸರು, ಮದುವೆ ತಾರೀಕು ಕೆತ್ತಿದ್ದರೆ ವಾರಸುದಾರರನ್ನು ಹುಡುಕಿ. 300 ವರ್ಷ ಮೀರಿದ ಒಡವೆ, ಕನಿಷ್ಠ 10% ಚಿನ್ನ ಅಥವಾ ಬೆಳ್ಳಿ ಇರುವುದಾದರೆ, ಇಂಗ್ಲೆಂಡಿನ 1996ರ ಕಾನೂನಿನ ಪ್ರಕಾರ 14 ದಿನದೊಳಗೆ ಕರೋನರ್‌ಗೆ (ಇಂಥ ನಿಧಿಯ ವಿಚಾರಣೆ ಮಾಡುವ ಅಲ್ಲಿನ ಅಧಿಕಾರಿ) ತಿಳಿಸಬೇಕು. ಆ ಮಷೀನನ್ನು ಊರಿಗೆ ತರುವ ಯೋಚನೆ ಇದ್ದರೆ ಕರ್ನಾಟಕದ 1962ರ ನಿಧಿ ಕಾಯ್ದೆ ನೆನಪಿರಲಿ: ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಹಂಪಿಯಂಥ ಸಂರಕ್ಷಿತ ಜಾಗದಲ್ಲಂತೂ ಅನುಮತಿ ಇಲ್ಲದೆ ಅಗೆಯುವಂತೆಯೇ ಇಲ್ಲ.