ಹಳೆಯ ಬೆಂಜ್ ಕಾರಿಗೆ ಬಿಡಿಭಾಗ ಹುಡುಕುವ ಕ್ರಮ: ಡಬ್ಲ್ಯು 123 ಮತ್ತು ಡಬ್ಲ್ಯು 124 ಇಟ್ಟುಕೊಂಡವರಿಗೆ

ಹಳೆಯ ಜರ್ಮನ್ ಕಾರಿಗೆ ಬಿಡಿಭಾಗ ಸಿಗುವುದಿಲ್ಲವೆಂಬ ಮಾತನ್ನು ಕೇಳಿಯೇ ಅನೇಕರು ಅದನ್ನು ಕೊಳ್ಳುವ ಆಸೆ ಬಿಡುತ್ತಾರೆ. ಮರ್ಸಿಡಿಸ್-ಬೆಂಜ್‌ನ ಡಬ್ಲ್ಯು 123 ಮತ್ತು ಡಬ್ಲ್ಯು 124 ಸರಣಿಗಳ ಮಟ್ಟಿಗಂತೂ ಆ ಮಾತು ನಿಜವಲ್ಲ. 1976ರಲ್ಲಿ ಬಂದ ಮೊದಲನೆಯದೂ 1984ರ ಕೊನೆಯಲ್ಲಿ ಬಂದ ಎರಡನೆಯದೂ ತಲಾ 25 ಲಕ್ಷಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಅವುಗಳಲ್ಲಿ ಬಹಳಷ್ಟು ಇಂದಿಗೂ ಓಡುತ್ತಿರುವುದರಿಂದ, ಸವೆಯುವ ಭಾಗಗಳನ್ನು ಮೂಲ ತಯಾರಕರು ಈಗಲೂ ಮಾಡುತ್ತಿದ್ದಾರೆ. ನಮ್ಮ ಕಡೆ ಡಬ್ಲ್ಯು 123 ಬಂದದ್ದು ಹೆಚ್ಚಾಗಿ ಗಲ್ಫಿನಿಂದ ಮರಳಿದವರ ಮತ್ತು ರಾಯಭಾರ ಕಚೇರಿಗಳ ಮೂಲಕ. ಡಬ್ಲ್ಯು 124 ಆದರೋ 1995ರಿಂದ ಪುಣೆಯ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟರ್ಸ್, ಆವರಣದಲ್ಲೇ ಜೋಡಣೆಯಾಯಿತು. ಇವೆರಡಕ್ಕೂ ಬಿಡಿಭಾಗ ಸಿಗುತ್ತದೆ, ಆದರೆ ತಪ್ಪು ಭಾಗವೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಬೇಕಾದ ಭಾಗದ ಸಂಖ್ಯೆ ಕೈಯಲ್ಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಬಾರದೆಂಬುದು ನನ್ನ ಮೊದಲ ಸಲಹೆ.

ಕೆಲಸ ಆರಂಭವಾಗುವುದು ಚಾಸಿ ಸಂಖ್ಯೆಯಿಂದ. ಅದರೊಳಗೆ ಅಡಗಿರುವ ಆರು ಅಂಕಿಗಳು ಸರಣಿ, ಬಾಡಿ ಮತ್ತು ಎಂಜಿನ್ ಯಾವುದೆಂಬುದನ್ನು ಹೇಳುತ್ತವೆ, ಉದಾಹರಣೆಗೆ 123.123 ಎಂದರೆ 240 ಡಿ ಸೆಡಾನ್. ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಬರೆದುಕೊಂಡು ಕಂಪನಿಯ ಬಿಡಿಭಾಗ ಪಟ್ಟಿಯಲ್ಲಿ ನೋಡಿದರೆ, ನಿಮ್ಮ ಕಾರಿಗೇ ಹೊಂದುವ ಭಾಗದ ಸಂಖ್ಯೆ ದೊರೆಯುತ್ತದೆ. ಅದು ಎ ಅಕ್ಷರದಿಂದ ಆರಂಭವಾಗಿ, ಸಾಮಾನ್ಯವಾಗಿ ಹತ್ತು ಅಂಕಿಗಳನ್ನು ಹೊಂದಿರುತ್ತದೆ. ಮೊದಲ ಮೂರು ಅಂಕಿಗಳು ಆ ಭಾಗವನ್ನು ಮೊದಲು ಯಾವ ಸರಣಿಗೆ ಅಥವಾ ಯಾವ ಎಂಜಿನ್‌ಗೆ ವಿನ್ಯಾಸ ಮಾಡಲಾಯಿತೆಂಬುದನ್ನು ಸೂಚಿಸುತ್ತವೆ. ಹಾಗಾಗಿ 124ರ ಕಾರಿನಲ್ಲಿ 201 ಅಥವಾ 123 ಎಂದು ಆರಂಭವಾಗುವ ಸಂಖ್ಯೆಯ ಭಾಗ ಕಂಡರೆ ಅದು ಬೇರೆ ಕಾರಿನದೆಂದು ಗಾಬರಿಯಾಗಬೇಕಿಲ್ಲ. ಹಳೆಯ ಸಂಖ್ಯೆ ರದ್ದಾಗಿ ಹೊಸದು ಬಂದಿರುವುದೂ ಉಂಟು; ಅಂಗಡಿಯವರು ಸರಕು ಇಲ್ಲವೆಂದಾಗ ಬದಲಿ ಸಂಖ್ಯೆಯನ್ನೂ ನೋಡಿರೆಂದು ಕೇಳಬೇಕು. ಸಂಖ್ಯೆಯೊಂದೇ ಸಾಲದ ಸಂದರ್ಭಗಳೂ ಇವೆ. ಒಂದೇ ಮಾದರಿಯ ಕಾರುಗಳಿಗೆ ಬೇರೆ ಬೇರೆ ತಯಾರಕರ ಬ್ರೇಕ್ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ, ಹಾಕಿರುವುದರಿಂದ, ಪ್ಯಾಡ್ ತರಿಸುವ ಮೊದಲು ಚಕ್ರ ಬಿಚ್ಚಿ ಕ್ಯಾಲಿಪರ್ ಮೇಲಿನ ಹೆಸರನ್ನು ಓದಿಕೊಳ್ಳಬೇಕು.

ಭಾಗ ಕೊಳ್ಳುವ ಮುನ್ನ ದೋಷ ಎಲ್ಲಿದೆಯೆಂದು ತಿಳಿಯುವುದೂ ಹುಡುಕಾಟದ ಭಾಗವೇ. ಈ ಡೀಸೆಲ್ ಕಾರುಗಳಲ್ಲಿ ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದಿದ್ದರೆ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳುಹಿಸುವ ಇಂಜೆಕ್ಷನ್ ಪಂಪ್ ಹಾಳಾಗಿದೆಯೆಂದು ಹೇಳುವವರು ಸಿಗುತ್ತಾರೆ. ವಾಸ್ತವದಲ್ಲಿ ಪಂಪನ್ನು ನಿಲ್ಲಿಸುವುದು ನಿರ್ವಾತ, ಅಂದರೆ ಮೆಕ್ಯಾನಿಕ್‌ಗಳು ವ್ಯಾಕ್ಯೂಮ್ ಎನ್ನುವ ಶಕ್ತಿ. ಬಾಗಿಲುಗಳ ಸೆಂಟ್ರಲ್ ಲಾಕ್ ಕೂಡ ಅದೇ ವ್ಯಾಕ್ಯೂಮ್ ಬಳಸುವ ಕಾರುಗಳಲ್ಲಿ, ಹಿಂಬಾಗಿಲಿನ ಲಾಕ್‌ನೊಳಗಿನ ರಬ್ಬರ್ ಪೊರೆ ಹರಿದರೂ ಸಾಕು, ಎಂಜಿನ್ ನಿಲ್ಲಿಸಲು ಬೇಕಾದಷ್ಟು ಶಕ್ತಿ ಉಳಿಯುವುದಿಲ್ಲ. ಕೈಪಂಪೊಂದನ್ನು ಸಿಕ್ಕಿಸಿ ಕೊಳವೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಸೋರಿಕೆ ಎಲ್ಲಿದೆಯೆಂದು ಗೊತ್ತಾಗುತ್ತದೆ, ಮತ್ತು ಕೊಳ್ಳಬೇಕಾದದ್ದು ಒಂದು ಸಣ್ಣ ಪೊರೆಯಷ್ಟೇ ಎಂಬುದೂ ತಿಳಿಯುತ್ತದೆ.

ಇನ್ನು ಯಾರ ತಯಾರಿಕೆಯನ್ನು ಕೊಳ್ಳಬೇಕೆಂಬ ಪ್ರಶ್ನೆ. ಬೆಂಜ್ ತನ್ನ ಪೆಟ್ಟಿಗೆಯಲ್ಲಿ ಮಾರುವ ಭಾಗಗಳಲ್ಲಿ ಹೆಚ್ಚಿನವನ್ನು ತಾನೇ ತಯಾರಿಸುವುದಿಲ್ಲ. ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ ಕೀಲುಗಳಿಗೆ ಲೆಮ್‌ಫರ್ಡರ್, ಶಾಕ್ ಅಬ್ಸಾರ್ಬರ್‌ಗೆ ಬಿಲ್‌ಸ್ಟೈನ್ ಮತ್ತು ಸ್ಯಾಕ್ಸ್, ಬ್ರೇಕಿಗೆ ಆಟೆ, ಫಿಲ್ಟರಿಗೆ ಮಾನ್ ಮತ್ತು ಮಾಲೆ, ರೇಡಿಯೇಟರಿಗೆ ಬೇರ್, ಇಂಧನ ವ್ಯವಸ್ಥೆಗೆ ಬಾಷ್ ಹೀಗೆ ಮೂಲ ಪೂರೈಕೆದಾರರಿದ್ದಾರೆ. ಅವರ ಸ್ವಂತ ಪೆಟ್ಟಿಗೆಯಲ್ಲಿ ಅದೇ ಭಾಗ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವೊಮ್ಮೆ ಬೆಂಜ್‌ನ ನಕ್ಷತ್ರವಿದ್ದ ಜಾಗವನ್ನು ಉಜ್ಜಿ ಅಳಿಸಿರುವ ಗುರುತೂ ಕಾಣುತ್ತದೆ, ಅದನ್ನು ನಕಲಿಯೆಂದು ತಿಳಿಯಬಾರದು. ಸ್ಟಿಯರಿಂಗ್, ಬ್ರೇಕ್ ಮತ್ತು ಸಸ್ಪೆನ್ಷನ್ ವಿಷಯದಲ್ಲಿ ಇವರಿಗಿಂತ ಕೆಳಗಿನ ಅಗ್ಗದ ಬ್ರ್ಯಾಂಡ್‌ಗಳಿಗೆ ಇಳಿಯಬಾರದೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಉಳಿತಾಯವಾಗುವ ಹಣ ಎರಡನೆಯ ಸಲದ ಕೂಲಿಗೆ ಹೋಗುತ್ತದೆ, ಪ್ರಾಣದ ಮಾತು ಬೇರೆ.

ಡೀಸೆಲ್ ಕಾರು ಇಟ್ಟುಕೊಂಡ ಕನ್ನಡಿಗರಿಗೆ ಎರಡು ವಿಶೇಷ ಅನುಕೂಲಗಳಿವೆ. ಬಾಷ್‌ನ ಭಾರತೀಯ ಕಂಪನಿಯಾದ ಮೈಕೋ 1951ರಲ್ಲಿ ಸ್ಥಾಪನೆಯಾಗಿ, ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪ್ ವ್ಯವಸ್ಥೆಗಳನ್ನು ತಯಾರಿಸಿದ್ದರಿಂದ, ಪಂಪ್ ಬಿಚ್ಚಿ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡುವ ಕುಶಲಕರ್ಮಿಗಳು ಬೆಂಗಳೂರಿನಲ್ಲಿ ಇಂದಿಗೂ ಇದ್ದಾರೆ. ಹಾಗಾಗಿ ಪಂಪನ್ನು ಹೊಸದಾಗಿ ತರಿಸುವ ಯೋಚನೆ ಕೊನೆಯದಾಗಿರಲಿ. ಇನ್ನೊಂದು ಅನುಕೂಲ 240 ಡಿ ಇಟ್ಟುಕೊಂಡವರಿಗೆ: ಅದರ ಓಎಂ 616 ಎಂಜಿನನ್ನೇ ಬಜಾಜ್ ಟೆಂಪೊ, ಅಂದರೆ ಇಂದಿನ ಫೋರ್ಸ್ ಮೋಟರ್ಸ್, ಪರವಾನಗಿ ಪಡೆದು ಇಲ್ಲೇ ತಯಾರಿಸಿ ಟ್ರ್ಯಾಕ್ಸ್ ಮತ್ತು ಟ್ರಾವೆಲರ್ ವಾಹನಗಳಿಗೆ ಹಾಕಿತು. ಆದ್ದರಿಂದ ಎಂಜಿನ್ನಿನ ಒಳಭಾಗಗಳಲ್ಲಿ ಹಲವು ಟೆಂಪೊ ಬಿಡಿಭಾಗದ ಅಂಗಡಿಯಲ್ಲೇ ದೊರೆಯುತ್ತವೆ. ಆದರೂ ಹಳೆಯದನ್ನು ಕೈಯಲ್ಲಿ ಹಿಡಿದು ಅಳತೆ ಹೋಲಿಸಿಯೇ ಕೊಳ್ಳಬೇಕು, ಏಕೆಂದರೆ ಕಾರಿಗೂ ವ್ಯಾನಿಗೂ ಎಂಜಿನ್ ಕೂರಿಸುವ ರೀತಿ ಒಂದೇ ಅಲ್ಲ.

ಬೆಂಗಳೂರಿನಲ್ಲಿ ಹೊಸ ಭಾಗಗಳಿಗೆ ಜೆ.ಸಿ. ರಸ್ತೆ, ಬಿಚ್ಚಿದ ಭಾಗಗಳಿಗೆ ಶಿವಾಜಿನಗರದ ಗುಜರಿ. ಅಲ್ಲಿ ಸಿಗದಿದ್ದರೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ. ಗಾಜು, ದೀಪ, ಬಾಗಿಲಿನ ಹಿಡಿ, ಆಸನ, ಸ್ವಿಚ್ಚು, ಕ್ರೋಮ್ ಪಟ್ಟಿ, ಮರದ ಫಲಕ ಇವುಗಳನ್ನು ಗುಜರಿಯಿಂದ ನಿಶ್ಚಿಂತೆಯಾಗಿ ತರಬಹುದು. ಹೊಸದಾಗಿ ಸಿಗದ ಒಳಾಂಗಣದ ಭಾಗಗಳಿಗೆ ಅದೇ ಉತ್ತಮ ದಾರಿಯೂ ಹೌದು. ರಬ್ಬರ್, ಬ್ರೇಕ್ ಹೋಸ್, ವಾಟರ್ ಪಂಪ್ ಇವುಗಳನ್ನು ಎಷ್ಟೇ ಚೆನ್ನಾಗಿ ಕಂಡರೂ ತರಬಾರದು. ಬಿಲ್ ಕೊಡದವರಿಂದ ಏನನ್ನೂ ಕೊಳ್ಳದಿರುವುದು ಒಳ್ಳೆಯದು.

ರಬ್ಬರಿನ ಬಗ್ಗೆ ಇನ್ನೊಂದು ಮಾತು. ಬಹಳ ವರ್ಷ ಗೋದಾಮಿನಲ್ಲಿದ್ದ, ಪೆಟ್ಟಿಗೆಯೂ ಒಡೆಯದ ಅಸಲಿ ಭಾಗವನ್ನು ಕಂಡರೆ ಹವ್ಯಾಸಿಗಳಿಗೆ ಮೋಹ ಹುಟ್ಟುತ್ತದೆ. ಲೋಹದ ಭಾಗವಾದರೆ ಕೊಳ್ಳಿ. ಎಂಜಿನ್ ಮೌಂಟ್, ಬುಷ್, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕ್ ಆದರೆ ಬೇಡ. ಬಳಸದಿದ್ದರೂ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಇಂಧನದ ಹೋಸ್‌ಗಳನ್ನು ಬದಲಿಸುವಾಗ ಎಥನಾಲ್ ತಡೆದುಕೊಳ್ಳುವ ಬಗೆಯದನ್ನೇ ಕೇಳಬೇಕು, ಏಕೆಂದರೆ ಈಗ ಬಂಕ್‌ಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗಾಗಿ ಈ ಕಾರುಗಳ ಮೂಲ ರಬ್ಬರನ್ನು ಮಾಡಿರಲಿಲ್ಲ.

ಪುಣೆಯಲ್ಲಿ ಜೋಡಿಸಿದ, ಡಬ್ಲ್ಯು 124 ಸರಣಿಯ ಇ 220 ಪೆಟ್ರೋಲ್ ಕಾರು ಕೊಳ್ಳುವವರು ಎಂಜಿನ್ನಿನ ವೈರಿಂಗ್ ಹಾರ್ನೆಸ್, ಅಂದರೆ ವಿದ್ಯುತ್ ತಂತಿಗಳ ಕಟ್ಟನ್ನು, ಬೆಲೆ ಮಾತಾಡುವ ಮೊದಲೇ ನೋಡಬೇಕು. 1990ರ ದಶಕದ ಮೊದಲರ್ಧದಲ್ಲಿ ಬೆಂಜ್ ಬಳಸಿದ ತಂತಿಗಳ ಹೊರಕವಚ ಎಂಜಿನ್ನಿನ ಶಾಖಕ್ಕೆ ಒಣಗಿ ಪುಡಿಯಾಗುತ್ತದೆ. ಆ ತಂತಿಗಳ ತುದಿಯ ಪ್ಲಗ್ಗಿನ ಬಳಿ ರಬ್ಬರ್ ಮುಚ್ಚಳವನ್ನು ಮೆಲ್ಲಗೆ ಹಿಂದೆ ಸರಿಸಿದಾಗ ಬರಿಯ ತಾಮ್ರ ಕಂಡರೆ, ಐಡಲಿಂಗ್ ಏರುಪೇರಾಗುವುದಕ್ಕೂ ಬಿಡಿಬಿಡಿಯಾಗಿ ಕಾಣುವ ವಿದ್ಯುತ್ ದೋಷಗಳಿಗೂ ಕಾರಣ ಅಲ್ಲೇ ಇದ್ದೀತು. ಗುಜರಿಯ ಹಾರ್ನೆಸ್‌ಗೂ ಅದೇ ರೋಗ ಇರುತ್ತದೆ. ಹೊಸದನ್ನು ತರಿಸುವುದು, ಇಲ್ಲವೇ ಮೂಲ ಪ್ಲಗ್‌ಗಳನ್ನು ಉಳಿಸಿಕೊಂಡು ಶಾಖ ತಡೆಯುವ ತಂತಿಯಿಂದ ನುರಿತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮರುಕಟ್ಟಿಸುವುದು, ಇವೆರಡೇ ದಾರಿ.

ಹೊರದೇಶದಿಂದ ತರಿಸುವಾಗ ನೆನಪಿಡಬೇಕಾದದ್ದು, ಜರ್ಮನಿಯ ಕಾರುಗಳು ಎಡಗೈ ಸ್ಟಿಯರಿಂಗಿನವು ಎಂಬುದು. ಸ್ಟಿಯರಿಂಗ್ ಬಾಕ್ಸ್ ಮತ್ತು ಡ್ಯಾಶ್‌ಬೋರ್ಡ್ ನಮಗೆ ಹೊಂದುವುದಿಲ್ಲ. ಹೆಡ್‌ಲೈಟ್ ಕೂರುತ್ತದೆ, ಆದರೆ ಅದರ ಲೋ ಬೀಮ್ ಬಲಕ್ಕೆ ಬಾಗಿ ಎದುರು ಬರುವವರ ಕಣ್ಣು ಕುಕ್ಕುತ್ತದೆ. ಇಂಥವನ್ನು ಬ್ರಿಟನ್ ಅಥವಾ ದಕ್ಷಿಣ ಆಫ್ರಿಕಾದಲ್ಲಿ ಹುಡುಕಬೇಕು. ದಕ್ಷಿಣ ಆಫ್ರಿಕಾದಲ್ಲಿ ಈ ಎರಡೂ ಸರಣಿಗಳು ಜೋಡಣೆಯಾಗಿದ್ದವು. ಸಾಮಾನ್ಯ ಭಾಗಗಳಿಗೆ ಜರ್ಮನಿಯೇ ಸರಿ. ಬೇರೆಲ್ಲೂ ಸಿಗದ್ದಕ್ಕೆ ಸ್ಟುಟ್‌ಗಾರ್ಟ್ ಬಳಿಯ ಫೆಲ್‌ಬಾಕ್‌ನಲ್ಲಿರುವ ಕಂಪನಿಯ ಕ್ಲಾಸಿಕ್ ಸೆಂಟರ್ ಇದೆ. ಸುಂಕವನ್ನು ಸಾಗಣೆ ವೆಚ್ಚವನ್ನೂ ಸೇರಿಸಿದ ಮೌಲ್ಯದ ಮೇಲೆ ಲೆಕ್ಕ ಹಾಕುವುದರಿಂದ, ಭಾರದ ವಸ್ತು ಇಲ್ಲಿ ಕೈ ಸೇರುವಾಗ ಪಟ್ಟಿಯ ಬೆಲೆಗಿಂತ ಬಹಳ ದುಬಾರಿಯಾಗಿರುತ್ತದೆ. ನಾಲ್ಕಾರು ಮಾಲೀಕರು ಸೇರಿ ಒಟ್ಟಿಗೆ ತರಿಸಿದರೆ ಸಾಗಣೆಯ ಹೊರೆ ಹಂಚಿಹೋಗುತ್ತದೆ.

ಕಡೆಯದಾಗಿ, ಹೊಸ ಭಾಗ ಕೂರಿಸಿದ ದಿನ ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಕ್ಯಾಲಿಪರ್, ಸ್ಟಾರ್ಟರ್, ಆಲ್ಟರ್ನೇಟರ್, ಸ್ಟಿಯರಿಂಗ್ ಬಾಕ್ಸ್ ಇವೆಲ್ಲ ಸೀಲ್ ಕಿಟ್, ಬುಷ್ ಅಥವಾ ಬೇರಿಂಗ್ ಹಾಕಿ ಮತ್ತೆ ಬಳಸಬಹುದಾದ ಭಾಗಗಳು. ಎಣ್ಣೆ ಒರೆಸಿ, ಸಂಖ್ಯೆಯನ್ನೂ ಬಿಚ್ಚಿದ ದಿನಾಂಕವನ್ನೂ ಬರೆದ ಚೀಟಿ ಕಟ್ಟಿ ಒಣ ಜಾಗದಲ್ಲಿಡಿ.