ಮನೆ ಇಂಟರ್ನೆಟ್ ನಿಜಕ್ಕೂ ಹೈಸ್ಪೀಡಾ? ಹೀಗೆ ನೋಡಿಕೊಳ್ಳಿ

ಸಾಗರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. "ಹೈಸ್ಪೀಡ್ ಅಂತಲೇ ಹಾಕಿಸಿದ್ದು, ಆದ್ರೂ ಮೀಟಿಂಗ್‌ನಲ್ಲಿ ಮಾತು ತುಂಡು ತುಂಡಾಗುತ್ತೆ" ಎಂದು ಬರುವವರಿಗೆ ನಾನು ಹೇಳುವುದು ಇಷ್ಟು.

ನಮ್ಮ ದೇಶದಲ್ಲಿ 2023ರಿಂದ, ಡೌನ್‌ಲೋಡ್ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಇದ್ದರೂ ಅದು ಬ್ರಾಡ್‌ಬ್ಯಾಂಡ್. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್, ಸಾಕಿತ್ತು. ಹಾಗಾಗಿ ಬ್ರಾಡ್‌ಬ್ಯಾಂಡ್ ಅಂದ ಮಾತ್ರಕ್ಕೆ ಹೈಸ್ಪೀಡ್ ಅಲ್ಲ. 2021ರಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಮಾಡಿದ ಶಿಫಾರಸು ಹೆಚ್ಚು ಉಪಯೋಗದ್ದು: 50 ಎಂಬಿಪಿಎಸ್‌ವರೆಗೆ ಸಾಧಾರಣ, 50ರಿಂದ 300 ವೇಗದ್ದು, ಅದರ ಮೇಲಿನದು ಅತಿ ವೇಗದ್ದು. ಅಮೆರಿಕದವರು 2024ರಲ್ಲಿ ಡೌನ್‌ಲೋಡ್ 100, ಅಪ್‌ಲೋಡ್ 20 ಎಂದು ಗೆರೆ ಎಳೆದರು. ಅಪ್‌ಲೋಡನ್ನೂ ಲೆಕ್ಕಕ್ಕೆ ತಗೊಂಡಿದ್ದು ನನಗೆ ಸರಿ ಅನಿಸುತ್ತದೆ. ವಿಡಿಯೋ ಕಾಲ್‌ನಲ್ಲಿ ನಿಮ್ಮ ಮುಖ, ಮಾತು ಹೋಗುವುದು ಅದರಲ್ಲೇ ಅಲ್ವಾ?

ಮೊದಲು ಮನೆಯ ಲೆಕ್ಕ ಹಾಕಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿನಿಮಾಕ್ಕೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5 ಬೇಕು. ಒಂದು ಒಳ್ಳೆಯ ವಿಡಿಯೋ ಕಾಲ್‌ಗೆ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಸುಮಾರು 4 ಇಡಿ. ಒಂದೇ ಹೊತ್ತಿಗೆ ನಡೆಯುವುದನ್ನೆಲ್ಲ ಕೂಡಿಸಿ, ದುಪ್ಪಟ್ಟು ಮಾಡಿ. ನಾಲ್ಕು ಜನರ ಮನೆಗೆ ಸಾಮಾನ್ಯವಾಗಿ 50 ಸಾಕು, 100 ಧಾರಾಳ. ಸುಮ್ನೆ 300ಕ್ಕೆ ದುಡ್ಡು ಕೊಡಬೇಡಿ.

ಆಮೇಲೆ ಅಳೆಯಿರಿ. ವೈಫೈನಲ್ಲಿ ಬೇಡ. ಲ್ಯಾಪ್‌ಟಾಪನ್ನು ರೂಟರ್‌ಗೆ ಲ್ಯಾನ್ ಕೇಬಲ್‌ನಲ್ಲಿ ಜೋಡಿಸಿ, ಉಳಿದ ಫೋನ್, ಟಿವಿ ಎಲ್ಲ ಬಿಡಿಸಿ. ಬೆಳಗ್ಗೆ ಒಮ್ಮೆ, ಊರೆಲ್ಲ ನೆಟ್ ಬಳಸುವ ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಿ. ಸ್ಪೀಡ್ ಅಳೆಯುವ ಫಾಸ್ಟ್ ಡಾಟ್ ಕಾಮ್ ಸೈಟ್‌ನಲ್ಲಿ ಹೆಚ್ಚಿನ ವಿವರ ತೆರೆದರೆ ಅಪ್‌ಲೋಡ್ ಜೊತೆ ಲೇಟೆನ್ಸಿ, ಅಂದರೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ, ಎರಡು ಥರ ತೋರಿಸುತ್ತದೆ: ಲೈನ್ ಖಾಲಿ ಇದ್ದಾಗ ಒಂದು, ತುಂಬಿದಾಗ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇದ್ದರೆ, ಮನೆಯಲ್ಲಿ ಯಾರೋ ದೊಡ್ಡ ಫೈಲ್ ಇಳಿಸಿಕೊಳ್ಳುವಾಗ ನಿಮ್ಮ ಮಾತು ತುಂಡಾಗುತ್ತದೆ. ಸ್ಪೀಡ್ ಎಷ್ಟಿದ್ದರೂ ಅಷ್ಟೇ.

200ರ ಪ್ಲಾನ್ ಇದ್ದೂ 94ರ ಹತ್ತಿರವೇ ನಿಂತರೆ ಲೈನನ್ನು ದೂರಬೇಡಿ. ರೂಟರ್ ಅಥವಾ ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ 100 ಎಂಬಿಪಿಎಸ್‌ನದ್ದಿರಬಹುದು, ಇಲ್ಲ ಕೇಬಲ್ಲಿನ ಒಂದು ಎಳೆ ಕಡಿದಿರಬಹುದು. ಇನ್ನು, ಫೈಲ್ ಇಳಿಯುವಾಗ ಕಾಣುವುದು ಬೈಟ್ ಲೆಕ್ಕ; ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಅದು ಮೋಸವಲ್ಲ.

ಕೇಬಲ್‌ನಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ವೈಫೈ ಸೋತರೆ ಹೆಚ್ಚಾಗಿ ಗೋಡೆಯೇ ಕಾರಣ. ನಮ್ಮ ಕಡೆಯ ಜಂಬಿಟ್ಟಿಗೆ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದೇ ಕಷ್ಟ. ರೂಟರಿನ ಇನ್ನೊಂದು ವೈಫೈ, 2.4 ಗಿಗಾಹರ್ಟ್ಸ್‌ನದು, ದಾಟುತ್ತದೆ, ಆದರೆ ನಿಧಾನ. ರೂಟರನ್ನು ನಡುಮನೆಗೆ ತನ್ನಿ, ಕೆಲಸದ ಕೋಣೆಗೆ ಕೇಬಲ್ಲೇ ಎಳೆಸಿ.

ಹಣ ಕಟ್ಟುವ ಮೊದಲು ಅಪ್‌ಲೋಡ್ ಎಷ್ಟು, ತಿಂಗಳಿಗೆ ಎಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಯುತ್ತದೆ, 18% ಜಿಎಸ್‌ಟಿ ಸೇರಿದೆಯಾ ಎಂದು ಕೇಳಿ, ಬರೆಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಾದರೆ ರೂಟರ್‌ಗೊಂದು ಸಣ್ಣ ಯುಪಿಎಸ್ ಹಾಕಿಸಿ. ಫೈಬರ್ ಲೈನ್ ಬಂದು ಸೇರುವ ಪೆಟ್ಟಿಗೆ ರೂಟರಿನಿಂದ ಬೇರೆ ಇದ್ದರೆ ಅದಕ್ಕೂ ಬೇಕು.